ತಡವರಿಸುವ ಚಿತ್ರ ಮತ್ತು ಬೆಂಗಳೂರಿನ ನಾಸಿರ್ ಅಹ್ಮದ್

ಮನೆಯ ಗಣಕಯಂತ್ರದಲ್ಲಿ ಅಂತರ್ಜಾಲದ ವಿಡಿಯೋ ಒಂದು ತಡವರಿಸಿ, ನಿಂತು, ಮತ್ತೆ ಜಿಗಿದು ಓಡತೊಡಗಿದರೆ ನಮ್ಮ ಕಡೆಯ ಜನ ಮೊದಲು ಆಡುವ ಮಾತು "ನೆಟ್ ಸ್ಲೋ ಇದೆ" ಎಂಬುದು. ದೋಷ ತಂತಿಯದೆಂದು ತೀರ್ಪಾದ ಮೇಲೆ ಪರಿಹಾರವೂ ಸಿದ್ಧವಾಗಿಯೇ ಇರುತ್ತದೆ: ಇನ್ನಷ್ಟು ಹಣ ತೆತ್ತು ಇನ್ನಷ್ಟು ವೇಗದ ಸಂಪರ್ಕ ಪಡೆಯುವುದು. ಈ ತೀರ್ಪು ಕೆಲವೊಮ್ಮೆ ಸರಿಯಾಗಿಯೇ ಇರುತ್ತದೆ. ಆದರೆ ಅನೇಕ ಸಂದರ್ಭಗಳಲ್ಲಿ ನಿರಪರಾಧಿಯೊಬ್ಬನಿಗೆ ಶಿಕ್ಷೆಯಾಗಿ, ಅಪರಾಧಿ ಮೇಜಿನ ಕೆಳಗೆ ಗುರ್ ಎನ್ನುತ್ತ ಕುಳಿತಿರುತ್ತಾನೆ. ಅವನನ್ನು ಪತ್ತೆಹಚ್ಚುವ ಬಗೆಯನ್ನು ಹೇಳಹೊರಟರೆ ಅರ್ಧ ಶತಮಾನದಷ್ಟು ಹಿಂದಿನ ಒಂದು ಸಂಗತಿಯನ್ನೂ ಹೇಳಬೇಕಾಗುತ್ತದೆ. ಅದರ ನಾಯಕ ನಮ್ಮ ಬೆಂಗಳೂರಿನವನೇ ಆಗಿರುವುದರಿಂದ ಓದುಗರು ಸ್ವಲ್ಪ ತಾಳ್ಮೆಯಿಂದ ಜೊತೆಗೆ ಬರಬೇಕೆಂದು ಕೋರುತ್ತೇನೆ.

ಹೆಸರಘಟ್ಟದವರಿಗೆ ಈ ವಿಷಯವನ್ನು ವಿವರಿಸುವುದು ಸುಲಭ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಅರ್ಕಾವತಿಗೆ ಅಡ್ಡಲಾಗಿ ಇಲ್ಲಿನ ಜಲಾಶಯ ಸಿದ್ಧವಾಯಿತು. ಬೆಂಗಳೂರಿಗೆ ಕೊಳವೆಯ ಮೂಲಕ ನೀರು ಕೊಡುವ ಮೊದಲ ದೊಡ್ಡ ಏರ್ಪಾಡು ಅದು. ಕೆರೆಯ ನೀರು ಮುಚ್ಚಿದ ಕಾಲುವೆಯಲ್ಲಿ ಇಳಿಜಾರಿನ ಬಲದಿಂದಲೇ ಸೋಲದೇವನಹಳ್ಳಿಯವರೆಗೆ ಹರಿದು, ಅಲ್ಲಿ ಉಗಿಯಂತ್ರಗಳಿಂದ ಮೇಲೆತ್ತಲ್ಪಟ್ಟು ನಗರವನ್ನು ಸೇರುತ್ತಿತ್ತು. ಊರಿನ ನಲ್ಲಿಯಲ್ಲಿ ನೀರು ಬಾರದಿದ್ದರೆ ಕಾರಣ ಒಂದೇ ಎಂದು ಹೇಳುವಂತಿರಲಿಲ್ಲ. ಕೆರೆಯಲ್ಲಿ ನೀರಿಲ್ಲದಿರಬಹುದು, ಕಾಲುವೆ ಕಟ್ಟಿಕೊಂಡಿರಬಹುದು, ಅಥವಾ ಕೆರೆಯೂ ಕಾಲುವೆಯೂ ಚೆನ್ನಾಗಿದ್ದು ಯಂತ್ರವೇ ದಣಿದಿರಬಹುದು. 1920ರ ದಶಕದಲ್ಲಿ ಮಳೆ ಕೈಕೊಟ್ಟು ಕೆರೆಯೇ ಒಣಗಿದಾಗ ಎಷ್ಟು ಯಂತ್ರಗಳನ್ನು ಕೂರಿಸಿದ್ದರೂ ಪ್ರಯೋಜನವಾಗುತ್ತಿರಲಿಲ್ಲ. ಆಗ ಬೇರೆ ನೀರನ್ನೇ ಹುಡುಕಬೇಕಾಯಿತು, 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಬಂದಿತು. ಕಾರಣ ಯಾವುದೆಂದು ತಿಳಿಯದೆ ಪರಿಹಾರಕ್ಕೆ ಹಣ ಸುರಿದಿದ್ದರೆ ಹಣ ಹೋಗುತ್ತಿತ್ತು, ನೀರು ಬರುತ್ತಿರಲಿಲ್ಲ.

ಅಂತರ್ಜಾಲದ ಚಿತ್ರವೂ ಹೀಗೆಯೇ ಹರಿದು ಬರುತ್ತದೆ. ದೂರದ ಸರ್ವರ್ ಕೆರೆ, ಮನೆಗೆ ಬರುವ ತಂತಿ ಕಾಲುವೆ. ಬಂದ ಮಾಹಿತಿಯನ್ನು ಗಣಕವು ಕೆಲವು ಕ್ಷಣಗಳ ಮಟ್ಟಿಗೆ ಒಂದು ತೊಟ್ಟಿಯಲ್ಲಿ ಕೂಡಿಡುತ್ತದೆ. ಇದನ್ನು ಬಫರ್ ಎನ್ನುತ್ತಾರೆ. ಆ ತೊಟ್ಟಿಯಿಂದ ಎತ್ತಿ, ಬಿಡಿಸಿ, ಚಿತ್ರವನ್ನಾಗಿ ಮಾಡಿ ಪರದೆಗೆ ಕೊಡುವ ಕೆಲಸ ಗಣಕದ ಒಳಗಿನ ಪ್ರೊಸೆಸರಿನದು. ಅದು ನಮ್ಮ ಸೋಲದೇವನಹಳ್ಳಿಯ ಯಂತ್ರ.

2020ರ ಶ್ರಾವಣದಲ್ಲಿ ಈ ಪರೀಕ್ಷೆಯನ್ನು ಒಂದು ಮನೆಯಲ್ಲಿ ಮಾಡಬೇಕಾದ ಪ್ರಸಂಗ ಒದಗಿತು. ಕೊರೊನಾದಿಂದಾಗಿ ಶಾಲೆಗಳು ಮುಚ್ಚಿದ್ದವು. ಜುಲೈ 20ರಿಂದ ಚಂದನ ವಾಹಿನಿಯಲ್ಲಿ ಪ್ರೌಢಶಾಲೆಯ ಮಕ್ಕಳಿಗೆ 'ಸಂವೇದ' ಪಾಠಗಳು ಬರತೊಡಗಿದ್ದವು. ತಪ್ಪಿಸಿಕೊಂಡವರಿಗೆ ಯೂಟ್ಯೂಬ್‌ನಲ್ಲಿಯೂ ಸಿಗುತ್ತಿದ್ದವು. ನಮ್ಮ ಬೀದಿಯ ಕೊನೆಯ ಮನೆಯ ಹುಡುಗಿ ಆಗ ಹತ್ತನೆಯ ತರಗತಿ. ತಂದೆ ಹೂವಿನ ನರ್ಸರಿಯೊಂದರಲ್ಲಿ ಕೆಲಸಗಾರರು. ಮದುವೆ, ಸಮಾರಂಭಗಳು ನಿಂತು ಹೂವಿಗೆ ಗಿರಾಕಿಯೇ ಇಲ್ಲದ ಆ ದಿನಗಳಲ್ಲಿ ಅವರ ಕೈಗೆ ಬರುತ್ತಿದ್ದುದು ಅರ್ಧ ಸಂಬಳ. ಆದರೂ ಮಗಳ ಓದಿಗೆಂದು ಎಸ್.ಪಿ. ರಸ್ತೆಯಿಂದ ಯಾವುದೋ ಕಚೇರಿ ಬಳಸಿ ಬಿಟ್ಟ, ಹತ್ತು ವರ್ಷ ಹಳೆಯದಾದ ಗಣಕವೊಂದನ್ನು ತಂದು, ಅಂತರ್ಜಾಲ ಸಂಪರ್ಕವನ್ನೂ ಹಾಕಿಸಿದ್ದರು. ಚಿತ್ರ ಮಾತ್ರ ಕುಂಟುತ್ತಿತ್ತು. ಕಡಿಮೆ ಸ್ಪಷ್ಟತೆಗೆ ಇಳಿಸಿಕೊಂಡರೆ ಕುಂಟು ನಿಲ್ಲುತ್ತಿತ್ತು, ಆದರೆ ಹಲಗೆಯ ಮೇಲಿನ ಬರಹ ಮಸುಕಾಗಿ, ಅಕ್ಷರದ ನೆತ್ತಿಯ ಮೇಲಿರುವ ಘಾತ 2 ಆಗಿದೆಯೋ 3 ಆಗಿದೆಯೋ ತಿಳಿಯದಂತಾಗುತ್ತಿತ್ತು. ಗಣಿತದಲ್ಲಿ ಅದು ಸಣ್ಣ ವಿಷಯವಲ್ಲವೆಂದು ಬೇರೆ ಹೇಳಬೇಕಿಲ್ಲ.

"ಮೇಷ್ಟ್ರೇ, ಆರು ತಿಂಗಳ ದುಡ್ಡು ಒಟ್ಟಿಗೆ ಕಟ್ಟುದ್ರೆ ಡಬಲ್ ಸ್ಪೀಡ್ ಕೊಡ್ತಾರಂತೆ. ಕಟ್ಟುಬುಡ್ಲಾ?" ಎಂದು ಅವರು ನಮ್ಮ ಗೇಟಿನ ಆಚೆ ನಿಂತು ಕೇಳಿದರು. ಸಂಪರ್ಕ ಕೊಟ್ಟ ಸಂಸ್ಥೆಯ ಹುಡುಗ ಹಾಗೆ ಹೇಳಿ ಹೋಗಿದ್ದನಂತೆ. ಸಾಲ ಮಾಡಿಯಾದರೂ ಕಟ್ಟುವ ಮನಸ್ಸು ಅವರದು.

"ಸ್ವಲ್ಪ ತಡಿಯಪ್ಪ, ಒಂದು ಸಲ ನೋಡೋಣ" ಎಂದು ಮುಖಕ್ಕೆ ವಸ್ತ್ರ ಕಟ್ಟಿಕೊಂಡು ಅವರೊಡನೆ ಹೋದೆ.

ನೋಡಿದ್ದು ಇಷ್ಟು. ಚಿತ್ರ ಜಿಗಿಯುತ್ತಿದ್ದರೂ ಶಿಕ್ಷಕಿಯ ದನಿ ಎಲ್ಲಿಯೂ ತುಂಡಾಗದೆ ಹರಿಯುತ್ತಿತ್ತು. ಇದು ಮೊದಲ ಸುಳಿವು. ಕಾಲುವೆ ಬತ್ತಿದ್ದರೆ ದನಿ, ಚಿತ್ರ ಎರಡೂ ಒಟ್ಟಿಗೆ ನಿಂತು ಪರದೆಯ ನಡುವೆ ಆ ಸುತ್ತುವ ಚಕ್ರ ಕಾಣಿಸಬೇಕಾಗಿತ್ತು. ಇಲ್ಲಿ ಚಕ್ರವೇ ಇಲ್ಲ. ಎರಡನೆಯದಾಗಿ, ಪಾಠವನ್ನು ನಿಲ್ಲಿಸಿ ಐದು ನಿಮಿಷ ಸುಮ್ಮನೆ ಬಿಟ್ಟೆವು. ಕೆಳಗಿನ ಬೂದು ಪಟ್ಟಿ ಮುಂದೆ ಸಾಗಿ ತೊಟ್ಟಿ ತುಂಬಿರುವುದನ್ನು ತೋರಿಸಿತು. ಮತ್ತೆ ಓಡಿಸಿದರೆ ಅದೇ ಕುಂಟು. ಕೂಡಿಟ್ಟ ನೀರೇ ನಲ್ಲಿಗೆ ಬರುತ್ತಿಲ್ಲವೆಂದ ಮೇಲೆ ಕೆರೆಯನ್ನು ಬೈದು ಫಲವೇನು? ಮೂರನೆಯದಾಗಿ, ತಂದೆಯ ಮೊಬೈಲನ್ನು ಅದೇ ಮನೆಯ ವೈ-ಫೈಗೆ ಜೋಡಿಸಿ, ಅದೇ ಪಾಠವನ್ನು ಅದೇ ಸ್ಪಷ್ಟತೆಯಲ್ಲಿ ಹಾಕಿದೆವು. ಬೆಣ್ಣೆಯಂತೆ ಹರಿಯಿತು! ತಂತಿ ನಿರ್ದೋಷಿ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಡ. ಕೊನೆಗೆ ಗಣಕದ ಟಾಸ್ಕ್ ಮ್ಯಾನೇಜರ್ ತೆರೆದಾಗ ಪ್ರೊಸೆಸರಿನ ದುಡಿಮೆ ನೂರಕ್ಕೆ ನೂರು ಎಂದು ತೋರಿಸುತ್ತಿತ್ತು.

"ಅಲ್ಲ ಮೇಷ್ಟ್ರೇ, ಅಂಗೈಯಗಲ ಮೊಬೈಲ್‌ನಲ್ಲಿ ಆಗೋದು ಇಷ್ಟು ದಪ್ಪ ಪೆಟ್ಟಿಗೇಲಿ ಯಾಕಾಗಲ್ಲ?" ಎಂದರು ಅವರು. ಬಹಳ ಒಳ್ಳೆಯ ಪ್ರಶ್ನೆ. ಮೂವತ್ತು ವರ್ಷ ಗಣಿತ ಬೋಧಿಸಿದ ನನಗೆ ಇಂಥ ಪ್ರಶ್ನೆ ಕೇಳಿದ ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟು ಮಂದಿ.

ಉತ್ತರಕ್ಕೆ ಮೊದಲು ಒಂದು ಲೆಕ್ಕ. ಪೂರ್ಣ ಹೈ ಡೆಫಿನಿಷನ್ ಚಿತ್ರವೆಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳು. ಗುಣಿಸಿದರೆ 20,73,600. ಪ್ರತಿ ಚುಕ್ಕಿಯ ಕೆಂಪು, ಹಸಿರು, ನೀಲಿಗಳಿಗೆ ಒಂದೊಂದು ಬೈಟ್‌ನಂತೆ ಮೂರು ಬೈಟ್ ಹಿಡಿದರೆ ಒಂದೇ ಒಂದು ಸ್ಥಿರಚಿತ್ರಕ್ಕೆ 62 ಲಕ್ಷ ಬೈಟ್. ಸೆಕೆಂಡಿಗೆ ಇಂಥ 25 ಚಿತ್ರಗಳು. ಬೈಟಿಗೆ ಎಂಟು ಬಿಟ್‌ನಂತೆ ಎಣಿಸಿದರೆ ಸೆಕೆಂಡಿಗೆ ಸುಮಾರು 124 ಕೋಟಿ ಬಿಟ್! ಮನೆಗೆ ಬರುವ ವಿಡಿಯೋ ಹರಿವಾದರೋ ಸಾಮಾನ್ಯವಾಗಿ ಸೆಕೆಂಡಿಗೆ 50 ಲಕ್ಷ ಬಿಟ್‌ನ ಆಸುಪಾಸಿನದು. ಅಂದರೆ ಇನ್ನೂರೈವತ್ತು ಮೂಟೆ ಸರಕನ್ನು ಒಂದೇ ಮೂಟೆಗೆ ಅಡಕಿ ಕಳುಹಿಸಿದ್ದಾರೆ. ನಮ್ಮ ಗಣಕವು ಅದನ್ನು ಕ್ಷಣಕ್ಷಣವೂ ಬಿಚ್ಚಿ ಮತ್ತೆ ಇನ್ನೂರೈವತ್ತು ಮೂಟೆ ಮಾಡಬೇಕು. ಒಂದೊಂದು ಚಿತ್ರಕ್ಕೆ ಅದಕ್ಕಿರುವ ಕಾಲಾವಕಾಶ ಸೆಕೆಂಡಿನ ಇಪ್ಪತ್ತೈದನೆಯ ಒಂದು ಭಾಗ ಮಾತ್ರ. ಅಷ್ಟರೊಳಗೆ ಮುಗಿಯದಿದ್ದರೆ ಆ ಚಿತ್ರವನ್ನು ಕೈಬಿಟ್ಟು ಮುಂದಿನದಕ್ಕೆ ಹೋಗುತ್ತದೆ. ನಾವು ಕುಂಟು ಎನ್ನುವುದು ಈ ಕೈಬಿಟ್ಟ ಚಿತ್ರಗಳನ್ನು.

ಹೀಗೆ ಅಡಕುವ ವಿದ್ಯೆಯ ತಳಪಾಯ ಹಾಕಿದವರಲ್ಲಿ ಪ್ರಮುಖರು ನಾಸಿರ್ ಅಹ್ಮದ್. 1940ರಲ್ಲಿ ಬೆಂಗಳೂರಿನಲ್ಲಿ ಜನಿಸಿದವರು. ಓದಿದ್ದು ಬಿಷಪ್ ಕಾಟನ್ ಶಾಲೆಯಲ್ಲಿ. ಆನಂತರ, ವಿಶ್ವೇಶ್ವರಯ್ಯನವರು 1917ರಲ್ಲಿ ಸ್ಥಾಪಿಸಿದ, ಇಂದು ಯು.ವಿ.ಸಿ.ಇ. ಎಂದು ಪ್ರಸಿದ್ಧವಾಗಿರುವ ಇಂಜಿನಿಯರಿಂಗ್ ಕಾಲೇಜಿನಲ್ಲಿ. 1961ರಲ್ಲಿ ವಿದ್ಯುತ್ ಇಂಜಿನಿಯರಿಂಗ್ ಪದವಿ ಪಡೆದು ಅಮೆರಿಕಕ್ಕೆ ತೆರಳಿದರು. ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದಲ್ಲಿ 1963ರಲ್ಲಿ ಸ್ನಾತಕೋತ್ತರ ಪದವಿ, 1966ರಲ್ಲಿ ಡಾಕ್ಟರೇಟ್. ಎರಡು ವರ್ಷ ಹನಿವೆಲ್ ಸಂಸ್ಥೆಯಲ್ಲಿದ್ದು, 1968ರಲ್ಲಿ ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು.

ಚಿತ್ರವನ್ನು ಅಂಕಿಗಳಾಗಿ ಅಡಕುವುದು ಹೇಗೆಂಬ ಚಿಂತನೆ ಆ ವೇಳೆಗಾಗಲೇ ಬೆಳೆದಿತ್ತು. ಅತ್ಯುತ್ತಮವಾಗಿ ಅಡಕುವ ಒಂದು ವಿಧಾನ ಗಣಿತಜ್ಞರಿಗೆ ಗೊತ್ತಿತ್ತು. ಅದಕ್ಕೆ ಕಾರ್ಹುನೆನ್-ಲೋಯೆವ್ ಪರಿವರ್ತನೆ ಎಂದು ಹೆಸರು. ತೊಡಕೇನೆಂದರೆ ಅದನ್ನು ಬೇಗನೆ ಲೆಕ್ಕ ಹಾಕುವ ದಾರಿ ಇರಲಿಲ್ಲ. ಪುಸ್ತಕದಲ್ಲಿ ಅತ್ಯುತ್ತಮ, ಬಳಕೆಗೆ ನಿಷ್ಪ್ರಯೋಜಕ. ಅದರಷ್ಟೇ ಅಲ್ಲದಿದ್ದರೂ ಅದರ ಹತ್ತಿರಕ್ಕೆ ಬರುವ, ಆದರೆ ಥಟ್ಟನೆ ಲೆಕ್ಕ ಹಾಕಬಹುದಾದ ಇನ್ನೊಂದು ದಾರಿ ಇದೆಯೇ ಎಂಬುದು ನಾಸಿರ್ ಅಹ್ಮದ್ ಹಾಕಿಕೊಂಡ ಪ್ರಶ್ನೆ. ಕೊಸೈನ್ ಅಲೆಗಳು ಆ ಕೆಲಸ ಮಾಡಬಹುದೆಂದು ಅವರಿಗೆ ಹೊಳೆಯಿತು. ನಮ್ಮ ಹತ್ತನೆಯ ತರಗತಿಯ ತ್ರಿಕೋನಮಿತಿಯಲ್ಲಿ ಬರುವ ಅದೇ ಕೊಸೈನ್!

1972ರಲ್ಲಿ ಅವರು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಸಂಶೋಧನೆಗೆ ಧನಸಹಾಯ ಕೋರಿ ಯೋಜನೆಯನ್ನು ಕಳುಹಿಸಿದರು. ಅದು ತಿರಸ್ಕೃತವಾಯಿತು. ವಿಮರ್ಶಕರಲ್ಲೊಬ್ಬರು ಈ ಆಲೋಚನೆ ತೀರಾ ಸರಳವೆಂದು ಆಕ್ಷೇಪಿಸಿದ್ದರೆಂದು ಸ್ವತಃ ನಾಸಿರ್ ಅಹ್ಮದ್ 1991ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ನೆನಪಿಸಿಕೊಂಡಿದ್ದಾರೆ. ಸರಳವಾಗಿರುವುದು ದೋಷವೆಂದು ಎಣಿಸುವ ಪಂಡಿತರು ಎಲ್ಲ ದೇಶಗಳಲ್ಲಿಯೂ ಇರುತ್ತಾರೆಂದು ತೋರುತ್ತದೆ. ನಮ್ಮ ಮೌಲ್ಯಮಾಪನ ಕೇಂದ್ರಗಳಲ್ಲಿ, ಮೂರು ಸಾಲಿನಲ್ಲಿ ಲೆಕ್ಕ ಬಿಡಿಸಿದ ಹುಡುಗನ ಅಂಕ ಕತ್ತರಿಸುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇರಲಿ. ಹಣ ಬಾರದಿದ್ದರೂ ಅವರು ಕೆಲಸವನ್ನು ಬಿಡಲಿಲ್ಲ. 1973ರ ಇಡೀ ಬೇಸಗೆಯನ್ನು ಇದಕ್ಕೇ ಮುಡಿಪಾಗಿಟ್ಟರು. ತಮ್ಮ ಸಂಶೋಧನ ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಟೆಕ್ಸಸ್ ವಿಶ್ವವಿದ್ಯಾಲಯದ ಆರ್ಲಿಂಗ್ಟನ್ ಶಾಖೆಯಲ್ಲಿದ್ದ ಕೆ.ಆರ್. ರಾವ್ ಅವರೊಡನೆ ಸೇರಿ ಬರೆದ ಪ್ರಬಂಧ 1974ರ ಜನವರಿಯಲ್ಲಿ ಪ್ರಕಟವಾಯಿತು. ನಾಲ್ಕೇ ಪುಟಗಳ ಪ್ರಬಂಧ. ಶೀರ್ಷಿಕೆ 'ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್', ಮೊಟಕಾಗಿ ಡಿ.ಸಿ.ಟಿ.

ಅದರ ತಿರುಳನ್ನು ತರಗತಿಯಲ್ಲಿ ಹೇಳುವಂತೆ ಹೇಳುತ್ತೇನೆ. ಚಿತ್ರವನ್ನು ಚದುರಂಗದ ಮಣೆಯಂತಹ ತುಣುಕುಗಳಾಗಿ ಕತ್ತರಿಸಿ, ಅಡ್ಡಕ್ಕೆ ಎಂಟು, ಉದ್ದಕ್ಕೆ ಎಂಟು, ಒಟ್ಟು 64 ಮನೆಗಳು. ಪ್ರತಿ ಮನೆಯ ಬೆಳಕು ಎಷ್ಟೆಂದು ಬರೆದರೆ 64 ಅಂಕಿಗಳಾಗುತ್ತವೆ. ಹಾಗೆ ಬರೆಯುವ ಬದಲು, ಮೊದಲು ಇಡೀ ಮಣೆಯ ಸರಾಸರಿ ಬೆಳಕನ್ನು ಹೇಳಿ. ಬಳಿಕ ಎಡದಿಂದ ಬಲಕ್ಕೆ ಬೆಳಕು ಎಷ್ಟು ಇಳಿಯುತ್ತದೆ, ಮೇಲಿನಿಂದ ಕೆಳಕ್ಕೆ ಎಷ್ಟು ಇಳಿಯುತ್ತದೆ ಎಂಬುದನ್ನು ಹೇಳಿ. ಆಮೇಲೆ ಇನ್ನೂ ಸಣ್ಣ, ಇನ್ನೂ ಸಣ್ಣ ಏರಿಳಿತಗಳು. ಈ ಏರಿಳಿತಗಳ ಆಕಾರವೇ ಕೊಸೈನ್ ಅಲೆ. ಹೀಗೆ ಹೇಳಿದರೂ 64 ಅಂಕಿಗಳೇ ಆಗುತ್ತವೆ, ನಿಜ. ಆದರೆ ನಮ್ಮ ಕೆರೆಯ ಮೇಲಿನ ಬರಿಯ ಆಕಾಶದ ತುಣುಕೊಂದನ್ನು ಎಣಿಸಿಕೊಳ್ಳಿ: ಸರಾಸರಿ ಒಂದನ್ನು ಬಿಟ್ಟರೆ ಉಳಿದ ಅಂಕಿಗಳು ಹೆಚ್ಚುಕಡಿಮೆ ಸೊನ್ನೆ. ಹುಲ್ಲುಗಾವಲಿನ ತುಣುಕಾದರೆ ಇನ್ನು ಕೆಲವು ಅಂಕಿ ಬೇಕಾಗಬಹುದು. ಕಣ್ಣಿಗೆ ಗೊತ್ತಾಗದಷ್ಟು ಸಣ್ಣ ಏರಿಳಿತಗಳನ್ನು ಸೊನ್ನೆಯೆಂದೇ ಬರೆದುಬಿಟ್ಟರೆ ಕಳುಹಿಸಬೇಕಾದ ಅಂಕಿಗಳು ಕೈಬೆರಳಲ್ಲಿ ಎಣಿಸುವಷ್ಟೇ ಉಳಿಯುತ್ತವೆ. ಇದರ ಜೊತೆಗೆ, ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಕಳುಹಿಸುವ ಉಪಾಯವೂ ಸೇರಿಕೊಂಡಿತು. ಪಾಠ ಹೇಳುವ ಶಿಕ್ಷಕಿಯ ಕೈ ಆಡುತ್ತದೆ, ಹಿಂದಿನ ಗೋಡೆ ಆಡುವುದಿಲ್ಲ. ಗೋಡೆಯನ್ನು ಪದೇ ಪದೇ ಕಳುಹಿಸುವುದೇಕೆ?

ಬಿಚ್ಚುವವನ ಪಾಡನ್ನು ಈಗ ನೋಡಿ. ಒಂದು ಹೈ ಡೆಫಿನಿಷನ್ ಚಿತ್ರದಲ್ಲಿ ಇಂಥ ಮಣೆಗಳು 32,400. ಸೆಕೆಂಡಿಗೆ 25 ಚಿತ್ರವೆಂದರೆ ಎಂಟು ಲಕ್ಷಕ್ಕೂ ಮಿಕ್ಕಿ ಮಣೆಗಳು. ಒಂದೊಂದರಲ್ಲೂ ಅಲೆಗಳನ್ನು ಮತ್ತೆ ಕೂಡಿಸಿ, ಹಿಂದಿನ ಚಿತ್ರದಿಂದ ಬೇಕಾದ ಭಾಗವನ್ನು ತಂದು ಜೋಡಿಸಿ, ಬಣ್ಣ ತುಂಬಬೇಕು.

1990ರ ದಶಕದಿಂದೀಚೆಗೆ ಬಂದ ವಿಡಿಯೋ ಮಾನಕಗಳು ಬಹುಪಾಲು ಈ ಅಡಿಪಾಯದ ಮೇಲೆಯೇ ಎದ್ದವು. ಸ್ಥಿರಚಿತ್ರಗಳಿಗೆ 1992ರಲ್ಲಿ ಜೆಪೆಗ್ ಬಂತು. ಚಲನಚಿತ್ರಗಳಿಗೆ ಎಂಪೆಗ್-1 ಬಂತು, ಅದರಿಂದ ವಿ.ಸಿ.ಡಿ. ಹುಟ್ಟಿತು. ಡಾ. ರಾಜ್‌ಕುಮಾರ್ ಚಿತ್ರಗಳ ವಿ.ಸಿ.ಡಿ.ಗಳನ್ನು ಬಾಡಿಗೆಗೆ ತಂದು ನೋಡಿದವರಿಗೆ, ಒಂದು ಸಿನಿಮಾಕ್ಕೆ ಎರಡು, ಕೆಲವೊಮ್ಮೆ ಮೂರು ತಟ್ಟೆಗಳಿದ್ದುದು ನೆನಪಿರಬಹುದು. ಅದರ ಚಿತ್ರ ನಮ್ಮಲ್ಲಿ 352ಕ್ಕೆ 288 ಚುಕ್ಕಿಗಳದ್ದು. ಇಂದಿನ ಹೈ ಡೆಫಿನಿಷನ್ ಚಿತ್ರದ ಇಪ್ಪತ್ತನೆಯ ಒಂದು ಭಾಗ. ಅಷ್ಟನ್ನು ಬಿಚ್ಚುವುದೂ ಅಂದಿನ ಗಣಕಗಳಿಗೆ ಭಾರವಾಗಿ, ಆ ಕೆಲಸಕ್ಕೆಂದೇ ಪ್ರತ್ಯೇಕ ಕಾರ್ಡ್ ಹಾಕಿಸಿಕೊಳ್ಳುತ್ತಿದ್ದರು. 2003ರಲ್ಲಿ ಎಚ್.264 ಬಂದಿತು; ಅದರಲ್ಲಿರುವುದು ಡಿ.ಸಿ.ಟಿ.ಯನ್ನೇ ಪೂರ್ಣಾಂಕಗಳಿಗೆ ಒಗ್ಗಿಸಿದ ರೂಪ. ಮುಂದೆ 2013ರಲ್ಲಿ ಎಚ್.265 ಮತ್ತು ಗೂಗಲ್‌ನ ವಿಪಿ9, 2018ರಲ್ಲಿ ಎವಿ1. ಪ್ರತಿ ಹೊಸ ಮಾನಕವೂ ಹಿಂದಿನದಕ್ಕಿಂತ ಬಿಗಿಯಾಗಿ ಅಡಕುತ್ತದೆ, ಬಿಚ್ಚಲು ಹಿಂದಿನದಕ್ಕಿಂತ ಹೆಚ್ಚು ದುಡಿಮೆ ಬೇಡುತ್ತದೆ. ನಮ್ಮಲ್ಲಿ 2004ರ ಬ್ರಾಡ್‌ಬ್ಯಾಂಡ್ ನೀತಿ ಸೆಕೆಂಡಿಗೆ 256 ಕಿಲೋಬಿಟ್ ಇದ್ದರೆ ಅದನ್ನೇ ವೇಗದ ಸಂಪರ್ಕವೆಂದು ಕರೆದಿತ್ತು. ಆ ಕಾಲುವೆಯಲ್ಲಿ ಇಂದಿನ ಒಂದು ನಿಮಿಷದ ಹೈ ಡೆಫಿನಿಷನ್ ಪಾಠ ಬರಲು ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ಅಂದು ದೋಷ ನಿಜವಾಗಿಯೂ ಕಾಲುವೆಯದೇ ಆಗಿತ್ತು. ಆ ದಿನಗಳ ಅನುಭವ ನಮ್ಮ ಜನರ ಮನಸ್ಸಿನಲ್ಲಿ ಹಾಗೆಯೇ ನಿಂತುಬಿಟ್ಟಿರುವುದರಿಂದ ಇಂದಿಗೂ ಎಲ್ಲದಕ್ಕೂ ತಂತಿಯನ್ನೇ ದೂರುತ್ತಾರೆಂದು ನನ್ನ ಊಹೆ.

ಅಂಗೈಯಗಲ ಮೊಬೈಲಿನ ಗುಟ್ಟು ಇಲ್ಲಿದೆ. ಇತ್ತೀಚಿನ ಮೊಬೈಲುಗಳ ಚಿಪ್‌ನೊಳಗೆ ಈ ಬಿಚ್ಚುವ ಕೆಲಸಕ್ಕೆಂದೇ ಕೆತ್ತಿದ ಒಂದು ಭಾಗವಿರುತ್ತದೆ. ಅದಕ್ಕೆ ಬೇರೆ ಏನೂ ಬರುವುದಿಲ್ಲ, ಇದೊಂದನ್ನು ಮಾತ್ರ ಸುಲಲಿತವಾಗಿ ಮಾಡುತ್ತದೆ. ಹತ್ತು ವರ್ಷದ ಹಿಂದಿನ ಆ ಗಣಕದಲ್ಲಿಯೂ ಅಂಥ ಭಾಗವಿತ್ತು. ಆದರೆ ಅದು ಕಲಿತದ್ದು ಎಚ್.264 ಒಂದನ್ನೇ. ಯೂಟ್ಯೂಬ್ ಕಳುಹಿಸುತ್ತಿದ್ದುದು ವಿಪಿ9. ಗೊತ್ತಿಲ್ಲದ ಭಾಷೆಯ ಕಾಗದ ಬಂದಾಗ ಆ ಭಾಗ ಕೈಕಟ್ಟಿ ಕೂರುತ್ತಿತ್ತು; ಎಲ್ಲ ಹೊರೆಯೂ ಸಾಮಾನ್ಯ ಪ್ರೊಸೆಸರಿನ ತಲೆಯ ಮೇಲೆ ಬೀಳುತ್ತಿತ್ತು. ಚಿತ್ರದ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ಎಂಬುದನ್ನು ಆರಿಸಿದರೆ ಇದು ಕಾಣುತ್ತದೆ: ಯಾವ ಮಾನಕ, ಎಷ್ಟು ಚಿತ್ರಗಳು ಬಂದವು, ಎಷ್ಟನ್ನು ಕೈಬಿಡಲಾಯಿತು. ಕೈಬಿಟ್ಟ ಚಿತ್ರಗಳ ಸಂಖ್ಯೆ ನಮ್ಮ ಕಣ್ಣೆದುರೇ ಏರುತ್ತಿತ್ತು.

ಆಮೇಲಿನದು ಅರ್ಧ ದಿನದ ಕೆಲಸ. ಬ್ರೌಸರಿಗೆ 'ಎಚ್264ಇಫೈ' ಎಂಬ ಪುಟ್ಟ ಉಚಿತ ಸೇರ್ಪಡೆಯನ್ನು ಹಾಕಿದೆವು. ಅದು ಯೂಟ್ಯೂಬ್‌ನಿಂದ ಎಚ್.264 ರೂಪವನ್ನೇ ತರಿಸುತ್ತದೆ. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಹಾರ್ಡ್‌ವೇರ್ ಆಕ್ಸಿಲರೇಷನ್ ಎಂಬುದನ್ನು ಯಾರೋ ಆರಿಸಿಟ್ಟಿದ್ದರು, ಅದನ್ನು ಚಾಲೂ ಮಾಡಿದೆವು. ಗ್ರಾಫಿಕ್ಸ್ ಡ್ರೈವರನ್ನು ಹೊಸದಾಗಿ ಹಾಕಿದೆವು. ಕುಂಟು ಬಹುಮಟ್ಟಿಗೆ ನಿಂತಿತು, ಆದರೆ ಅರ್ಧ ಗಂಟೆಯ ಪಾಠದ ಕೊನೆಗೆ ಮತ್ತೆ ಸ್ವಲ್ಪ ಸ್ವಲ್ಪ ತಲೆಯೆತ್ತುತ್ತಿತ್ತು. ಪೆಟ್ಟಿಗೆಯ ಪಕ್ಕದ ಮುಚ್ಚಳ ಬಿಚ್ಚಿದರೆ ಪ್ರೊಸೆಸರಿನ ಮೇಲಿನ ಫ್ಯಾನಿಗೂ ಅದರಡಿಯ ಲೋಹದ ಹಲ್ಲುಗಳಿಗೂ ನಡುವೆ ಕಂಬಳಿಯಂತೆ ಧೂಳು ಹೆಪ್ಪುಗಟ್ಟಿತ್ತು! ಗಾಳಿಯಾಡದೆ ಕಾವೇರಿದಾಗ ಪ್ರೊಸೆಸರ್ ತನ್ನನ್ನು ತಾನು ಉಳಿಸಿಕೊಳ್ಳಲು ವೇಗವನ್ನು ತಗ್ಗಿಸಿಕೊಳ್ಳುತ್ತದೆ. ವಿದ್ಯುತ್ ತಂತಿ ಕಿತ್ತು, ಬಣ್ಣ ಬಳಿಯುವ ಹೊಸ ಕುಂಚದಿಂದ ಹುಡುಗಿಯೇ ಅದನ್ನು ಮೆಲ್ಲನೆ ಗುಡಿಸಿ ತೆಗೆದಳು. ಖರ್ಚಾದದ್ದು ಕುಂಚದ ಮೂವತ್ತು ರೂಪಾಯಿ. ಘಾತ 2 ಇದೆಯೋ 3 ಇದೆಯೋ ಎಂಬುದು ಅಂದಿನಿಂದ ಸ್ಪಷ್ಟವಾಗಿ ಕಾಣತೊಡಗಿತು. ಆರು ತಿಂಗಳ ದುಡ್ಡು ಅವರ ಕೈಯಲ್ಲೇ ಉಳಿಯಿತು. 2021ರ ಜುಲೈನಲ್ಲಿ, ಎರಡೇ ದಿನಗಳಲ್ಲಿ ನಡೆದ ಆ ವಿಚಿತ್ರ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ಅವಳು ಬರೆದಳು.

ಕಾಲುವೆಯದೇ ತಪ್ಪಿರುವ ಮನೆಗಳೂ ಇವೆ, ಅದನ್ನು ಮರೆಮಾಚುವುದಿಲ್ಲ. ದನಿ, ಚಿತ್ರ ಎರಡೂ ಒಟ್ಟಿಗೆ ನಿಂತು ಚಕ್ರ ಸುತ್ತಿದರೆ, ಸಂಜೆ ಎಂಟರಿಂದ ಹತ್ತರವರೆಗೆ ಮಾತ್ರ ತೊಂದರೆಯಾದರೆ, ಅಥವಾ ರೂಟರಿನ ಪಕ್ಕದಲ್ಲಿ ಸರಿಯಾಗಿದ್ದು ಒಳಗಿನ ಕೋಣೆಯಲ್ಲಿ ಕೆಟ್ಟರೆ ಪ್ರೊಸೆಸರನ್ನು ಬೈಯಬೇಡಿ. ಕೊನೆಯ ಸಂದರ್ಭದಲ್ಲಿ ವೇಗ ಹೆಚ್ಚಿಸಿಕೊಳ್ಳುವ ಮೊದಲು ಉದ್ದನೆಯ ಲ್ಯಾನ್ ಕೇಬಲ್ ಒಂದನ್ನು ಎಳೆದು ನೋಡಿ. ನಮ್ಮ ಹಳೆಯ ಕಲ್ಲುಗೋಡೆಯ ಮನೆಗಳಲ್ಲಿ ವೈ-ಫೈ ಎರಡು ಗೋಡೆ ದಾಟುವಷ್ಟರಲ್ಲಿ ಸುಸ್ತಾಗುತ್ತದೆ.

ನಾಸಿರ್ ಅಹ್ಮದ್ 1983ರಲ್ಲಿ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯಕ್ಕೆ ಮರಳಿ, 2001ರಲ್ಲಿ ಅಲ್ಲಿಂದಲೇ ನಿವೃತ್ತರಾದರು. ನಾನು ಬೋಧಿಸಿದ ಯಾವ ಪಠ್ಯಪುಸ್ತಕದಲ್ಲಿಯೂ ಅವರ ಹೆಸರನ್ನು ಕಾಣಲಿಲ್ಲ. ಕೊಸೈನ್ ಪಾಠದ ಕೊನೆಯಲ್ಲಿ ಗೋಪುರದ ಎತ್ತರ, ಏಣಿಯ ಉದ್ದ ಕೇಳುತ್ತಿದ್ದೆವು, ಅಷ್ಟೇ. ಕೊರೊನಾ ಕಾಲದಲ್ಲಿ ಜಗತ್ತೆಲ್ಲ ವಿಡಿಯೋ ಕರೆಯ ಮೂಲಕವೇ ಮುಖ ನೋಡುತ್ತಿದ್ದಾಗ, 2021ರ ಫೆಬ್ರವರಿಯಲ್ಲಿ, 'ದಿಸ್ ಈಸ್ ಅಸ್' ಎಂಬ ಅಮೆರಿಕದ ಧಾರಾವಾಹಿಯ ಒಂದು ಕಂತು ನಾಸಿರ್ ಮತ್ತು ಅವರ ಪತ್ನಿ ಎಸ್ತರ್ ಅವರ ಕಥೆಯನ್ನು ತೋರಿಸಿತು. ಮಗು ಹುಟ್ಟುವ ಹೊತ್ತಿನಲ್ಲಿ ಬೇರೆ ಬೇರೆ ಊರುಗಳಲ್ಲಿ ಸಿಕ್ಕಿಕೊಂಡ ಒಂದು ಕುಟುಂಬ ಪರದೆಯ ಮೇಲೆ ಒಂದಾಗುವ ಸನ್ನಿವೇಶದ ನಡುವೆ, ಹಣ ಸಿಗದ ಆ ಸರಳ ಆಲೋಚನೆಯ ವೃತ್ತಾಂತವನ್ನು ಹೆಣೆದಿದ್ದರು. ನಮ್ಮ ಬೀದಿಯ ಹುಡುಗಿಗೆ ಅದನ್ನು ಹೇಳಿದಾಗ ಅವಳು ಕೇಳಿದ್ದು ಒಂದೇ: "ಅವ್ರೂ ನಮ್ ಬೆಂಗಳೂರ್ನೋರೇನಾ ತಾತ?"